ಖಾಲಿ ಖಾನೆಗಳು

(ನಮ್ಮೂರಿನ ಗ್ರಂಥಾಲಯದಲ್ಲಿ ಡಿಸೆಂಬರ್ ಕೊನೆಯ ಭಾನುವಾರ ಓದುಗರ ಕೂಟದಲ್ಲಿ ಆಡಿದ ಮಾತು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಈ ರಿಜಿಸ್ಟರ್ ನೋಡಿ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಗೆರೆ ಎಳೆದು ಕಾಲಂ ಮಾಡುವುದು ಕೈಗೆ ಅಂಟಿದ ಅಭ್ಯಾಸ. ಈ ಪುಟದಲ್ಲಿ 24 ಖಾನೆ ಇವೆ. ಪ್ರತಿ ಖಾನೆಗೂ ಒಂದು ಹೆಸರು. ವರ್ಷ ಮುಗಿಯುವುದರೊಳಗೆ ಒಂದೊಂದು ಖಾನೆಗೂ ಒಪ್ಪುವ ಒಂದೊಂದು ಪುಸ್ತಕ ಓದಿ ತುಂಬಬೇಕು. ಇಷ್ಟೇ ಪಂಥ. ನಾಲ್ಕು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ.

ಎಷ್ಟು ಓದಿದಿರಿ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅದನ್ನು ಹೇಳಿ ಮುಗಿಸಿಬಿಡುತ್ತೇನೆ. ಮೊದಲ ವರ್ಷ 17. ಎರಡನೇ ವರ್ಷ 41. ಮೂರನೇ ವರ್ಷ 24. ಈ ವರ್ಷ ಇವತ್ತಿನವರೆಗೆ 22. ಈ ನಾಲ್ಕರಲ್ಲಿ ನನಗೆ ತೀರಾ ಕಡಿಮೆ ದಕ್ಕಿದ್ದು 41 ಪುಸ್ತಕ ಓದಿದ ವರ್ಷ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ವರ್ಷಕ್ಕೆ ಇಷ್ಟು ಪುಸ್ತಕ ಅಂತ ಪಣ ತೊಡುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಗುಡ್‌ರೀಡ್ಸ್ ಅನ್ನುವ ಓದುಗರ ವೆಬ್‌ಸೈಟಿನಲ್ಲಿ ಜನವರಿಯಲ್ಲಿ ಒಂದು ಸಂಖ್ಯೆ ಹಾಕಿಕೊಳ್ಳುತ್ತಾರೆ, ವರ್ಷವಿಡೀ ಎಣಿಸುತ್ತಾರೆ. ಖಾನೆಗಳ ಪಂಥ ಬೇರೆ ಥರದ್ದು. ಬುಕ್ ರಯಟ್ ಅನ್ನುವ ಅಮೆರಿಕದ ಸಂಸ್ಥೆ 2015ರಲ್ಲಿ ‘ರೀಡ್ ಹಾರ್ಡರ್’ ಅಂತ 24 ಖಾನೆಗಳ ಪಟ್ಟಿ ಶುರು ಮಾಡಿತು. ತಿಂಗಳಿಗೆ ಎರಡು. ಎಷ್ಟು ಓದುತ್ತೀ ಅನ್ನುವುದಕ್ಕಿಂತ ಏನನ್ನು ಓದದೆ ಬಿಟ್ಟಿದ್ದೀ ಅಂತ ಕೇಳುವ ಪಟ್ಟಿ ಅದು.

ಇದಕ್ಕೂ ಮೊದಲು, 2012ರಲ್ಲಿ, ಲಂಡನ್ನಿನ ಆನ್ ಮಾರ್ಗನ್ ಅನ್ನುವ ಲೇಖಕಿ ಇನ್ನೂ ದೊಡ್ಡ ಪಂಥ ಹಿಡಿದಿದ್ದರು. ತಮ್ಮ ಕಪಾಟು ನೋಡಿಕೊಂಡರೆ ಅಲ್ಲಿದ್ದದ್ದು ಹೆಚ್ಚುಕಮ್ಮಿ ಪೂರ್ತಿ ಬ್ರಿಟನ್ ಮತ್ತು ಅಮೆರಿಕದವರ ಪುಸ್ತಕಗಳು. ಹಾಗಾಗಿ ಒಂದು ವರ್ಷದಲ್ಲಿ ಜಗತ್ತಿನ ಪ್ರತಿ ದೇಶದಿಂದ ಒಂದೊಂದು ಪುಸ್ತಕ ಓದುತ್ತೇನೆ ಅಂತ ಹೊರಟರು. 196 ದೇಶ. ಆಫ್ರಿಕಾದ ಪಕ್ಕದ ಪುಟ್ಟ ದ್ವೀಪ ದೇಶ ಸಾವೊ ಟೊಮೆ ಮತ್ತು ಪ್ರಿನ್ಸಿಪೆಗೆ ಬಂದಾಗ ದಾರಿ ಮುಚ್ಚಿತು. ಅಲ್ಲಿಂದ ಇಂಗ್ಲಿಷಿಗೆ ಬಂದ ಪುಸ್ತಕ ಅವರಿಗೆ ಸಿಗಲೇ ಇಲ್ಲ. ಆಗ ಪೋರ್ಚುಗೀಸ್ ಬಲ್ಲ ಕೆಲವರು ಒಂದು ಕಥಾಸಂಕಲನವನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ದುಡ್ಡು ತೆಗೆದುಕೊಳ್ಳದೆ, ಅವರಿಗೋಸ್ಕರ ಅನುವಾದ ಮಾಡಿಕೊಟ್ಟರು. ಒಬ್ಬ ಓದುಗಳ ಒಂದು ಖಾನೆ ಖಾಲಿ ಇತ್ತು ಅಂತ ಇಡೀ ಪುಸ್ತಕವೇ ಇನ್ನೊಂದು ಭಾಷೆಗೆ ಬಂತು. ಈ ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ತಾವೇ ಆರಿಸದ ಪುಸ್ತಕವನ್ನು ಓದುವುದು ನಮಗೆ ಹೊಸದೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಅದು ಬೆಳೆದದ್ದು ಚಂದಾದಾರರಿಂದ. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಅಂತ ತೀರ್ಮಾನ ಮಾಡುವವರು ಪ್ರಕಾಶಕರು. ಕಾದಂಬರಿ ಬರಲಿ ಅಂತ ಕಾದವರಿಗೆ ನಾಟಕ ಬಂದಿರಬಹುದು, ವಿಮರ್ಶೆ ಬಂದಿರಬಹುದು. ಬಂದದ್ದನ್ನು ಓದಬೇಕು. ‘ಕಸ್ತೂರಿ’ ಮಾಸಪತ್ರಿಕೆಯ ಕೊನೆಯಲ್ಲಿ ಬರುತ್ತಿದ್ದ ಪುಸ್ತಕ ವಿಭಾಗವೂ ಹಾಗೆಯೇ. ನಮ್ಮಪ್ಪ ಅದನ್ನು ಹಿಂದಿನಿಂದಲೇ ಬಿಡಿಸುತ್ತಿದ್ದರು. ಆಫ್ರಿಕಾದ ಬೇಟೆ, ರಷ್ಯಾದ ಸೆರೆಮನೆ, ಸಮುದ್ರದಲ್ಲಿ ಕಳೆದುಹೋದ ಹಡಗು, ಏನೇ ಬಂದರೂ ಊಟ ಆದಮೇಲೆ ನಮಗೆ ಓದಿ ಹೇಳುತ್ತಿದ್ದರು. ಅಪ್ಪ ಓದಿದ್ದು ಏಳನೇ ಕ್ಲಾಸು.

ಅವರ ಮಗಳು ನಾನು ಏನಾಗಿದ್ದೆ ಅಂದರೆ, ರುಚಿ ಹತ್ತಿದ ಒಂದೇ ಬಟ್ಟಲಿನಲ್ಲಿ ಉಣ್ಣುವವಳಾಗಿದ್ದೆ. ಅದು ನನಗೆ ಗೊತ್ತೂ ಇರಲಿಲ್ಲ. ನಾನು ಜಾಸ್ತಿ ಓದುವವಳು ಅಂತಲೇ ಆಫೀಸಿನಲ್ಲಿ ಹೆಸರು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಈ ರಿಜಿಸ್ಟರಿನ ಮೊದಲ ಪುಟದಲ್ಲಿ, ಹಿಂದಿನ ಹತ್ತು ವರ್ಷದಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆದೆ. 63 ಪುಸ್ತಕ ನೆನಪಿಗೆ ಬಂದವು. ಪಕ್ಕದಲ್ಲಿ ಕಾಲಂ ಹಾಕಿದೆ. ಯಾವ ಪ್ರಕಾರ, ಬರೆದವರು ಯಾರು, ಯಾವ ಕಡೆಯವರು, ಯಾವ ಕಾಲದ್ದು. 63ರಲ್ಲಿ 51 ಕಾದಂಬರಿ. ಕವನ ಸಂಕಲನ ಸೊನ್ನೆ. ನಾಟಕ ಸೊನ್ನೆ. ಮುಕ್ಕಾಲು ಪಾಲು ಮಲೆನಾಡಿನವರು, ಉಳಿದವರು ಮೈಸೂರು ಮತ್ತು ಕರಾವಳಿ ಕಡೆಯವರು. ಬೀದರ, ಕಲಬುರಗಿ, ರಾಯಚೂರಿನವರು ಒಬ್ಬರೂ ಇಲ್ಲ. ಹೆಂಗಸರು ಬರೆದದ್ದು ಆರು.

ಆರು! ನಾನೂ ಹೆಂಗಸೇ ಅಲ್ವಾ? ಆ ಕಾಲಂ ನೋಡುತ್ತ ಸುಮಾರು ಹೊತ್ತು ಕೂತಿದ್ದೆ. ಯಾರೂ ನನಗೆ ಓದಬೇಡ ಅಂದಿರಲಿಲ್ಲ. ಪುಸ್ತಕಗಳು ಇದೇ ಗ್ರಂಥಾಲಯದಲ್ಲಿ ಇದ್ದವು. ನಾನು ಬಾಗಿಲಿನಿಂದ ಬಂದು ನೇರ ಎಡಗಡೆ ಮೂರನೇ ಬೀರುವಿಗೆ ಹೋಗಿ, ಗೊತ್ತಿರುವ ಹೆಸರು ಎತ್ತಿಕೊಂಡು, ಹಾಗೇ ಹೊರಗೆ ಹೋಗುತ್ತಿದ್ದೆ. ಹತ್ತು ವರ್ಷ ಅದೇ ದಾರಿ.

ಆದ್ದರಿಂದ ಹೊಸದಾಗಿ ಶುರು ಮಾಡುವವರಿಗೆ ನನ್ನದೊಂದು ಕೋರಿಕೆ. ಪಟ್ಟಿ ಹುಡುಕುವ ಮೊದಲು ನಿಮ್ಮ ಹಿಂದಿನ ಓದನ್ನು ಬರೆದುಕೊಳ್ಳಿ. ಇಪ್ಪತ್ತೇ ಪುಸ್ತಕ ನೆನಪಾದರೂ ಸಾಕು. ಸೊನ್ನೆ ಎಲ್ಲಿದೆ ನೋಡಿ. ಅದೇ ನಿಮ್ಮ ಖಾನೆ. ನಾನು ಮೊದಲ ವರ್ಷ ಹಾಗೆ ಮಾಡಲಿಲ್ಲ. ಸೊನ್ನೆಗಳನ್ನು ನೋಡಿಯೂ ಇಂಗ್ಲಿಷ್ ಪಟ್ಟಿಯನ್ನೇ ತೆಗೆದುಕೊಂಡೆ. ಅವರು ಅನುಭವಸ್ಥರು, ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ ಅಂದುಕೊಂಡೆ. ಹದಿಹರೆಯದವರಿಗೆ ಬರೆದ ಕಾದಂಬರಿ, ಚಿತ್ರಗಳಲ್ಲಿ ಕಥೆ ಹೇಳುವ ದೊಡ್ಡವರ ಪುಸ್ತಕ, ಹೀಗೆ ಖಾನೆಗಳಿದ್ದವು. ಕನ್ನಡದಲ್ಲಿ ಅವಕ್ಕೆ ಒಪ್ಪುವ ಪುಸ್ತಕ ಹುಡುಕುವುದರಲ್ಲೇ ಮೂರು ತಿಂಗಳು ಹೋಯಿತು. ಅದೇ ಹೊತ್ತಿಗೆ ನಮ್ಮಲ್ಲಿ ರಾಶಿ ರಾಶಿ ಇರುವುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ವಚನಗಳಿಗೆ ಖಾನೆ ಇಲ್ಲ. ಹರಟೆಗೆ, ಲಲಿತ ಪ್ರಬಂಧಕ್ಕೆ ಇಲ್ಲ. ಯಕ್ಷಗಾನ ಪ್ರಸಂಗಕ್ಕೆ ಇಲ್ಲ. ಸಾವಿರ ವರ್ಷದ ಹಿಂದಿನ ನಮ್ಮದೇ ಭಾಷೆಗೆ ಇಲ್ಲ. 17ಕ್ಕೆ ನಿಂತದ್ದು ಅದಕ್ಕೇ.

ಎರಡನೇ ವರ್ಷ ನನ್ನದೇ ಪಟ್ಟಿ ಮಾಡಿದೆ. ಇದರಲ್ಲಿ ಕೆಲವನ್ನು ಓದಿ ಹೇಳುತ್ತೇನೆ. ಸ್ವಾತಂತ್ರ್ಯಕ್ಕೆ ಮೊದಲು ಹೆಂಗಸು ಬರೆದದ್ದು. ಹಳಗನ್ನಡದ ಒಂದು ಕಥೆ, ಮೂಲದಲ್ಲಿ. ಒಂದು ನಾಟಕ, ಗಟ್ಟಿಯಾಗಿ. ಕಲ್ಯಾಣ ಕರ್ನಾಟಕದ ಕಾದಂಬರಿ. ನನ್ನ ಊರಿನ ಮಾತಲ್ಲದ ಕನ್ನಡದಲ್ಲಿ ಬರೆದದ್ದು. ದಲಿತರ ಆತ್ಮಕಥೆ. ಗಿಡಮರ ಅಥವಾ ಪ್ರಾಣಿಗಳ ಬಗ್ಗೆ. ಪಕ್ಕದ ರಾಜ್ಯದ ಭಾಷೆಯಿಂದ ಬಂದ ಅನುವಾದ. ನಾನು ಹುಟ್ಟಿದ ವರ್ಷ ಅಚ್ಚಾದದ್ದು. ಯಾರೂ ಬಹಳ ಕಾಲದಿಂದ ಎರವಲು ಪಡೆಯದ ಪುಸ್ತಕ. ಹೀಗೆ.

ಮತ್ತೆ ಆ ವರ್ಷ 41 ಓದಿದೆ ಅಂದೆನಲ್ಲ. ಖಾನೆ ತುಂಬುವ ಹುಮ್ಮಸ್ಸು ಬಂದಿತ್ತು. ತೆಳ್ಳಗಿನ ಪುಸ್ತಕ ಆರಿಸುವುದು, ಬಸ್ಸಿನಲ್ಲಿ ಅರ್ಧ, ರಾತ್ರಿ ಅರ್ಧ, ಬೆಳಿಗ್ಗೆ ಎದ್ದು ಟಿಕ್ ಹಾಕುವುದು. 24 ಮುಗಿದವು, ಇನ್ನೂ 17 ಸೇರಿಸಿದೆ. ಮುಂದಿನ ಜನವರಿಯಲ್ಲಿ ಈ ಪುಟ ತೆರೆದು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೂತೆ. 14 ಹೆಸರುಗಳ ಮೇಲೆ ಬೆರಳಿಟ್ಟಾಗ ಏನೂ ನೆನಪಾಗಲಿಲ್ಲ. ಒಂದು ಮುಖ ಇಲ್ಲ, ಒಂದು ಊರಿಲ್ಲ, ಒಂದು ಮಾತಿಲ್ಲ. ಬರೆದವರು ಎಷ್ಟು ವರ್ಷ ಕಷ್ಟಪಟ್ಟಿರುತ್ತಾರೋ. ನನಗೆ ನಿಜವಾಗಿ ದುಃಖವಾಯಿತು. ಅವತ್ತಿನಿಂದ ಒಂದು ಕಾಲಂ ಜಾಸ್ತಿ ಮಾಡಿದ್ದೇನೆ. ಓದಿ ಒಂದು ವಾರ ಬಿಟ್ಟು, ಪುಸ್ತಕ ತೆರೆಯದೆ, ಮನಸ್ಸಿನಲ್ಲಿ ಉಳಿದದ್ದನ್ನು ಎರಡು ಸಾಲು ಬರೆಯಬೇಕು. ಬರೆಯಲಾಗದಿದ್ದರೆ ಟಿಕ್ ಇಲ್ಲ.

ಟೈಮ್ ಎಲ್ಲಿದೆ ಅಂತ ಕೇಳುವವರಿಗೆ ಒಂದು ಲೆಕ್ಕ. ದಿನಕ್ಕೆ 20 ಪುಟ. ವರ್ಷಕ್ಕೆ 7,300 ಪುಟ. 300 ಪುಟದ ಪುಸ್ತಕ ಅಂದರೆ 24 ಆಯಿತು, ಇನ್ನೂ 100 ಪುಟ ಕೈಯಲ್ಲಿ ಉಳಿಯುತ್ತದೆ. 20 ಪುಟಕ್ಕೆ ನನಗೆ ಮುಕ್ಕಾಲು ಗಂಟೆ ಬೇಕು. ಅನ್ನಕ್ಕಿಟ್ಟು ಕುಕ್ಕರ್ ಕೂಗುವವರೆಗೆ ಒಂದಷ್ಟು, ಮಲಗುವ ಮುಂಚೆ ಒಂದಷ್ಟು.

ಈಗ ಖಾನೆಗಳು ನನಗೆ ಏನು ಕೊಟ್ಟವು ಅಂತ ಹೇಳಬೇಕು. ಎಲ್ಲವನ್ನೂ ಹೇಳುವುದಿಲ್ಲ.

‘ನನ್ನ ಊರಿನ ಮಾತಲ್ಲದ ಕನ್ನಡ’ ಅನ್ನುವ ಖಾನೆಗೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ತೆಗೆದುಕೊಂಡಿದ್ದೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಕೃತಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ತೆಳ್ಳಗಿನ ಪುಸ್ತಕ, ಎರಡು ದಿನದಲ್ಲಿ ಆಗುತ್ತದೆ ಅಂದುಕೊಂಡೆ. ಮೊದಲ ಪುಟದಲ್ಲೇ ಕಾಲು ಹೂತುಹೋಯಿತು. ಎಲ್ಲ ಕನ್ನಡ ಅಕ್ಷರ, ಎಲ್ಲ ಕನ್ನಡ ಪದ, ಆದರೂ ಹಿಡಿತಕ್ಕೆ ಸಿಗದು. ಎಲ್ಲಿ ಒಂದು ಮಾತು ಮುಗಿಯಿತು, ಎಲ್ಲಿ ಇನ್ನೊಬ್ಬರದು ಶುರುವಾಯಿತು ಅಂತ ಗೊತ್ತಾಗದು. ಮೂರು ಸಲ ಶುರು ಮಾಡಿ ಮೂರು ಸಲ ಮುಚ್ಚಿಟ್ಟೆ. ಖಾನೆ ಇಲ್ಲದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗಲ್ಲ ಈ ಪುಸ್ತಕ ಅಂದು ವಾಪಸು ಕೊಡುತ್ತಿದ್ದೆ. ಆದರೆ ಖಾನೆ ಖಾಲಿ ಇತ್ತು, ದಿನಾ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಆಫೀಸಿಗೆ ಗ್ರಾಮೀಣ ಡಾಕ್ ಸೇವಕನಾಗಿ ಬಂದ ಒಬ್ಬ ಹುಡುಗ ಇದ್ದಾನೆ. ಊರು ನಂಜನಗೂಡಿನ ಹತ್ತಿರದ ಹಳ್ಳಿ. ಇಲ್ಲಿಯ ಮಳೆ ನೋಡಿ ಮೊದಲ ವರ್ಷ ಕಂಗಾಲಾಗಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಪುಸ್ತಕ ನನ್ನ ಡಬ್ಬಿಯ ಪಕ್ಕ ಇತ್ತು. ಸುಮ್ನೆ ಎತ್ತಿಕೊಂಡು ನೋಡಿದ. ತುಟಿ ಅಲ್ಲಾಡಿಸುತ್ತ ಎರಡು ಸಾಲು ಓದಿದ. ನಕ್ಕ. “ಮೇಡಂ, ಇದು ನಮ್ಮಜ್ಜಿ ಮಾತಾಡ್ದಂಗೆ ಅದೆ” ಅಂದ. ಗಟ್ಟಿಯಾಗಿ ಓದು ಅಂದೆ. ನಾಚಿಕೊಂಡ. ಆಮೇಲೆ ಕೈ ತೊಳೆದುಕೊಂಡು ಬಂದು, ಪಾರ್ಸೆಲ್ ತೂಗುವ ಮೇಜಿನ ಮೇಲೆ ಪುಸ್ತಕ ಇಟ್ಟು ಓದತೊಡಗಿದ.

ನಾನು ತುತ್ತು ಎತ್ತಿದವಳು ಹಾಗೇ ಕೂತುಬಿಟ್ಟೆ. ನನ್ನ ಕಣ್ಣಿಗೆ ಗಂಟಾಗಿ ಕಂಡದ್ದು ಅವನ ಬಾಯಲ್ಲಿ ನೀರಿನಂತೆ ಹೋಗುತ್ತಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಿಸಬೇಕು ಅಂತ ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಹದಿನೈದು ದಿನ, ದಿನಾ ಮಧ್ಯಾಹ್ನ, ಕಾಲು ಗಂಟೆ. ರಾತ್ರಿ ಮನೆಮನೆಯ ದೀಪಗಳೆಲ್ಲ ಜೋತಮ್ಮಂದಿರಾಗಿ ಒಂದು ಕಡೆ ಸೇರಿ ಮಾತಾಡುವ ಭಾಗ ಬಂದಾಗ ಅವನು ಓದುವುದನ್ನು ನಿಲ್ಲಿಸಿದ. “ನಮ್ಮಜ್ಜಿ ದೀಪ ಆರ್ಸು ಅಂದ್ರೆ ಬಯ್ಯೋಳು ಮೇಡಂ. ಶಾಂತ ಮಾಡು ಅನ್ಬೇಕು. ಯಾಕೆ ಅಂತ ನಾನು ಕೇಳೇ ಇರ್ಲಿಲ್ಲ” ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕೌಂಟರಿಗೆ ಯಾರೋ ರಿಜಿಸ್ಟರ್ಡ್ ಪೋಸ್ಟ್ ಮಾಡಲು ಬಂದರು, ಎದ್ದು ಹೋದೆ.

ಈ ಖಾನೆಯ ಮುಂದೆ ಎರಡು ಸಾಲು ಬರೆಯಬೇಕಿತ್ತು. ನಾನು ಬರೆದದ್ದು ಇದು: ಕನ್ನಡ ಅಂದರೆ ನನ್ನ ಕನ್ನಡ ಮಾತ್ರ ಅಂದುಕೊಂಡಿದ್ದೆ. ಕಿವಿಯಿಂದ ಓದುವ ಪುಸ್ತಕಗಳೂ ಇವೆ.

ಅದಾದ ಮೇಲೆ ಕಲಬುರಗಿ ಕಡೆಯ ಖಾನೆಗೆ ಧೈರ್ಯವಾಗಿ ಹೋದೆ. ಗೀತಾ ನಾಗಭೂಷಣ ಅವರ ‘ಬದುಕು’. 2004ರ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಗದಗದಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿದ್ದವರು ಅವರು. ಇಷ್ಟು ದೊಡ್ಡ ಹೆಸರು, ನಾನು ಒಂದು ಪುಟ ಓದಿರಲಿಲ್ಲ. ದೊಡ್ಡ ಪುಸ್ತಕ, ಎರಡು ತಿಂಗಳು ಹಿಡಿಯಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ನೀವೇ ಓದಬೇಕು. ಗ್ರಂಥಾಲಯದ ಪ್ರತಿ ಈಗ ನನ್ನ ಹತ್ತಿರ ಇಲ್ಲ, ವಾಪಸು ಕೊಟ್ಟಿದ್ದೇನೆ.

ನಾಟಕದ ಖಾನೆ ಮನೆಯವರನ್ನೆಲ್ಲ ಒಳಗೆ ಎಳೆದುಕೊಂಡಿತು. ಗಿರೀಶ ಕಾರ್ನಾಡರ ‘ತುಘಲಕ್’. ಜುಲೈ ತಿಂಗಳ ಮಳೆ, ಮೂರು ದಿನ ಕರೆಂಟಿಲ್ಲ, ಟಿವಿ ಇಲ್ಲ, ಮೊಬೈಲ್ ಸತ್ತಿದೆ. ಒಬ್ಬಳೇ ಎಲ್ಲ ಪಾತ್ರ ಓದುವುದು ಬೇಜಾರು ಅಂತ ಹಂಚಿದೆ. ನಮ್ಮ ಯಜಮಾನರು ಸುಲ್ತಾನ. ಮಗ ಅಜೀಜ್. ಸುಲ್ತಾನನ ಮಲತಾಯಿಯ ಮಾತುಗಳನ್ನು ನಮ್ಮ ಅತ್ತೆಗೆ ಕೊಟ್ಟೆ. ಅತ್ತೆಗೆ 74 ವರ್ಷ, ಕನ್ನಡಕ ಹಾಕಿಕೊಂಡು ಮೇಣದ ಬತ್ತಿಯ ಹತ್ತಿರ ಬಗ್ಗಿ, ಒಂದೊಂದೇ ಪದ ಕೂಡಿಸಿ ಓದಿದರು. ಮಗ ಅವಸರ ಮಾಡಲಿಲ್ಲ. ಎರಡನೇ ರಾತ್ರಿ ಅವರೇ ಕೇಳಿದರು, “ಇವತ್ತು ನಂದು ಎಷ್ಟು ಹೊತ್ತಿಗೆ ಬರತ್ತೆ?” ಅಂತ. ಮೂರನೇ ದಿನ ಕರೆಂಟು ಬಂದಾಗ ನಾಟಕದ ಕೊನೆ ಇನ್ನೂ ಬಾಕಿ ಇತ್ತು. ಮುಗಿಸಿಯೇ ಟಿವಿ ಹಾಕಿದ್ದು.

ಹಳಗನ್ನಡದ ಖಾನೆಗೆ ಬಹಳ ಹೆದರಿದ್ದೆ. ಆದರೆ ‘ವಡ್ಡಾರಾಧನೆ’ ಗದ್ಯ. 19 ಕಥೆಗಳಿವೆ, ನಾನು ಹಾಕಿಕೊಂಡದ್ದು ಒಂದೇ ಕಥೆ, ಸುಕುಮಾರಸ್ವಾಮಿಯದು. ಪಕ್ಕದಲ್ಲಿ ಹೊಸಗನ್ನಡದ ಅರ್ಥ ಇಟ್ಟುಕೊಂಡು, ಒಂದು ವಾಕ್ಯ ಅಲ್ಲಿ, ಒಂದು ವಾಕ್ಯ ಇಲ್ಲಿ. ಆ ಸುಕುಮಾರ ಎಷ್ಟು ಸುಖದಲ್ಲಿ ಬೆಳೆದವನು ಅಂದರೆ, ರಾಜ ಮನೆಗೆ ಬಂದಾಗ ದೀಪದ ಬೆಳಕಿಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತದೆ. ರತ್ನಗಳ ಬೆಳಕು ಬಿಟ್ಟು ಬೇರೆ ಬೆಳಕು ಕಂಡವನಲ್ಲ. ಸೇಸೆ, ಅಂದರೆ ಹರಸಿ ಅಕ್ಷತೆಯ ಹಾಗೆ ಹಾಕಿದ ಸಾಸಿವೆ ಒತ್ತಿ ಕೂರಲಾಗದೆ ಒದ್ದಾಡುತ್ತಾನೆ. ಸಾವಿರ ವರ್ಷದ ಹಿಂದಿನವರು ಒಂದು ಸಾಸಿವೆ ಕಾಳಿನಲ್ಲಿ ಇಷ್ಟೆಲ್ಲ ಹೇಳಿಬಿಟ್ಟಿದ್ದಾರೆ. ಇದನ್ನು ಓದಲು ನನಗೆ ಪರೀಕ್ಷೆಯ ಸಿಲಬಸ್ ಬೇಕಿರಲಿಲ್ಲ, ಒಂದು ಖಾನೆ ಸಾಕಾಯಿತು.

(ಇಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. “ಇದೂ ಒಂದು ಮಾರ್ಕ್ಸ್ ಕಾರ್ಡೇ ಆಯ್ತಲ್ಲಮ್ಮ? ಮನಸ್ಸಿಗೆ ಬಂದದ್ದನ್ನ ಓದೋ ಸುಖ ಎಲ್ಲಿ ಉಳೀತು?”)

ಸರ್, ನೀವು ಕೇಳಿದ್ದು ಸರಿ. 41 ಓದಿದ ವರ್ಷ ಅದು ಮಾರ್ಕ್ಸ್ ಕಾರ್ಡೇ ಆಗಿತ್ತು. ಆದರೆ ಮನಸ್ಸಿಗೆ ಬಂದದ್ದು ಅಂತೀವಲ್ಲ, ಆ ಮನಸ್ಸಿಗೆ ಅದು ಎಲ್ಲಿಂದ ಬಂತು? ಅಪ್ಪ ತಂದ ಪುಸ್ತಕ, ಶಾಲೆಯ ಪಠ್ಯದಲ್ಲಿದ್ದ ಹೆಸರು, ಪೇಪರಿನಲ್ಲಿ ಮತ್ತೆ ಮತ್ತೆ ಕಂಡ ಫೋಟೋ, ನಮ್ಮ ಕಡೆಯವರು ಅನ್ನುವ ಅಭಿಮಾನ. ನಾನೇ ಆರಿಸುತ್ತಿದ್ದೇನೆ ಅಂದುಕೊಂಡಿದ್ದೆ, ಆದರೆ ನನಗಾಗಿ ಮೊದಲೇ ಯಾರೋ ಆರಿಸಿಟ್ಟಿದ್ದರು. ಮನಸ್ಸಿಗೆ ಬಂದದ್ದನ್ನು ಈಗಲೂ ಓದುತ್ತೇನೆ. ಅದಕ್ಕೆ ಪಟ್ಟಿಯಲ್ಲಿ ನಾಲ್ಕು ಖಾನೆ ಬಿಟ್ಟಿದ್ದೇನೆ, ‘ಇಷ್ಟ ಬಂದದ್ದು’ ಅಂತ. ಉಳಿದ ಇಪ್ಪತ್ತು ನನ್ನ ಇಷ್ಟವನ್ನು ಸ್ವಲ್ಪ ದೊಡ್ಡದು ಮಾಡಲು.

ಇನ್ನೊಂದು ಖಾನೆಯ ಬಗ್ಗೆ ಹೇಳಲೇಬೇಕು, ಅದು ಈ ಕಟ್ಟಡದಲ್ಲೇ ನಡೆದದ್ದು. ‘ಯಾರೂ ಬಹಳ ಕಾಲದಿಂದ ಎರವಲು ಪಡೆಯದ ಪುಸ್ತಕ.’ ನಮ್ಮ ಗ್ರಂಥಪಾಲಕರನ್ನು ಕೇಳಿದೆ. ಅವರು ಆ ಕೊನೆಯ, ಕಿಟಕಿ ಪಕ್ಕದ ಬೀರು ತೋರಿಸಿ, “ಅಲ್ಲಿಂದ ಯಾವುದಾದ್ರೂ ತಗೊಳ್ಳಿ, ಮೋಸ ಇಲ್ಲ” ಅಂದರು. ಬೀಗ ತೆಗೆಯಲು ಎಣ್ಣೆ ಬಿಡಬೇಕಾಯಿತು.

ಒಂದೊಂದೇ ಪುಸ್ತಕದ ಹಿಂಬದಿಯ ರಟ್ಟು ತೆರೆದು ಅಲ್ಲಿ ಅಂಟಿಸಿದ ಚೀಟಿ ನೋಡುತ್ತ ಹೋದೆ. ವಾಪಸು ಕೊಡಬೇಕಾದ ತಾರೀಖಿನ ಮುದ್ರೆಗಳು. ಮುದ್ರೆ ಓದುವುದು ನನ್ನ ಕಸುಬು. ಎಷ್ಟು ಮಸುಕಾಗಿದ್ದರೂ ಊರು, ತಾರೀಖು ಹೇಳುತ್ತೇನೆ. ಒಂದು ಪುಸ್ತಕದ ಚೀಟಿಯಲ್ಲಿ 1970ರ ದಶಕದ ಮುದ್ರೆಗಳು ಒತ್ತೊತ್ತಾಗಿದ್ದವು, ನೇರಳೆ ಶಾಯಿ, ಒಂದರ ಮೇಲೊಂದು. ಆಮೇಲೆ ಬಿಡಿ ಬಿಡಿಯಾದವು. ವರ್ಷಕ್ಕೆ ಒಂದು, ಎರಡು ವರ್ಷಕ್ಕೆ ಒಂದು. ಕೊನೆಯದು ಆಗಸ್ಟ್ 1996. ಅದರ ಕೆಳಗೆ ಖಾಲಿ ಗೆರೆಗಳು. ಪುಸ್ತಕ ತಿರುಗಿಸಿ ನೋಡಿದೆ. ಕೊಡಗಿನ ಗೌರಮ್ಮನವರ ಕಥೆಗಳು.

ಸ್ವಾತಂತ್ರ್ಯಕ್ಕೆ ಮೊದಲಿನ ಹೆಂಗಸಿನ ಖಾನೆಯೂ ಆಗ ಖಾಲಿ ಇತ್ತು. ಎರಡಕ್ಕೂ ಆಗುತ್ತಿತ್ತು, ಆದರೆ ಒಂದು ಪುಸ್ತಕ ಎರಡು ಖಾನೆಗೆ ಬರಕೂಡದು ಅಂತ ನನ್ನ ನಿಯಮ.

ಗೌರಮ್ಮ ಹುಟ್ಟಿದ್ದು 1912ರಲ್ಲಿ. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅನ್ನುವ ಹೆಸರಿನಲ್ಲಿ ಕಥೆ ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡರು. ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಹೋದವರು ನೀರುಪಾಲಾದರು. ಆಗ ಅವರಿಗೆ 27 ವರ್ಷ. ಪುಸ್ತಕಗಳು ಬಂದದ್ದು ಅವರು ತೀರಿಕೊಂಡ ಮೇಲೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ, ಆ ಕಾಲದಲ್ಲಿ, ವಿಧವೆಯರ ಬಗ್ಗೆ, ಮದುವೆಯ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯದ ಬಗ್ಗೆ ಎಷ್ಟು ನೇರವಾಗಿ ಬರೆದಿದ್ದಾರೆ ಅಂದರೆ, ನಾನು ಒಂದು ಕಥೆ ಓದಿ ಎದ್ದು ಹೋಗಿ ಹಿತ್ತಲಲ್ಲಿ ನಿಂತುಕೊಂಡೆ. ನಮ್ಮೂರಿನಿಂದ ಮಡಿಕೇರಿ ದೂರ ಏನಲ್ಲ. ನನ್ನ 63ರ ಪಟ್ಟಿಯಲ್ಲಿ ಅವರಿರಲಿಲ್ಲ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರ ಹೆಸರು ನಮ್ಮ ಗ್ರಂಥಪಾಲಕರಿಗೆ ಹೇಳಿಕೊಡಬೇಕಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಎರಡನೆಯದು ನಮಗೆಲ್ಲ ಬೇಗ ಅರ್ಥವಾಗುತ್ತದೆ. ಮೂರನೆಯದು ನನಗೆ ಅರ್ಥವಾದದ್ದು ಆ ಚೀಟಿ ನೋಡಿದ ದಿನ. ನಾನು ಪುಸ್ತಕಕ್ಕೆ ಕಾಯುತ್ತೇನೆ ಅಂದುಕೊಂಡಿದ್ದೆ. ಇಲ್ಲಿ ಬೀಗ ಹಾಕಿದ ಬೀರುವಿನಲ್ಲಿ ಒಂದು ಪುಸ್ತಕ 1996ರಿಂದ ಕಾಯುತ್ತ ನಿಂತಿತ್ತು.

ನಾನು ವಾಪಸು ಕೊಟ್ಟಮೇಲೆ ಗ್ರಂಥಪಾಲಕರು ಅದನ್ನು ಆ ಬೀರುವಿಗೆ ಸೇರಿಸಲಿಲ್ಲ, ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಮೊನ್ನೆ ಬಂದಾಗ ಚೀಟಿ ನೋಡಿದೆ. ನನ್ನದರ ಕೆಳಗೆ ಇನ್ನೂ ನಾಲ್ಕು ಮುದ್ರೆ ಬಿದ್ದಿವೆ. ಅವರಲ್ಲಿ ಯಾರಾದರೂ ಇವತ್ತು ಇಲ್ಲಿ ಕೂತಿದ್ದರೆ, ಮಾತು ಮುಗಿದ ಮೇಲೆ ದಯವಿಟ್ಟು ಸಿಗಿ. ನನಗೆ ಆ ಕಥೆಗಳ ಬಗ್ಗೆ ಮಾತಾಡಬೇಕು.

ಈ ವರ್ಷ ಎರಡು ಖಾನೆ ಉಳಿದಿವೆ. ಒಂದು ಕವನ ಸಂಕಲನ, ಅರ್ಧಕ್ಕೆ ಬಂದಿದ್ದೇನೆ. ಕವಿತೆಗೆ ದಿನಕ್ಕೆ 20 ಪುಟದ ಲೆಕ್ಕ ಹೊಂದುವುದಿಲ್ಲ, ದಿನಕ್ಕೆ ಎರಡೇ ಪುಟ. ಇನ್ನೊಂದು ಯಕ್ಷಗಾನ ಪ್ರಸಂಗ. ಮುದ್ದಣನ ‘ರತ್ನಾವತಿ ಕಲ್ಯಾಣ’ ಹಿಡಿದುಕೊಂಡು ಕೂತರೆ ಪದ್ಯಗಳು ಕಾಗದದ ಮೇಲೆ ಸುಮ್ಮನೆ ಮಲಗಿರುತ್ತವೆ. ಅವಕ್ಕೆ ಭಾಗವತರು ಬೇಕು, ಮದ್ದಳೆ ಬೇಕು. ಮೇಳಗಳು ತಿರುಗಾಟಕ್ಕೆ ಹೊರಟಿವೆ. ಹತ್ತಿರ ಎಲ್ಲಾದರೂ ಆಟ ಇದ್ದರೆ ಒಂದು ರಾತ್ರಿ ನೋಡಿ ಬಂದು ಆಮೇಲೆ ಓದುತ್ತೇನೆ. ಡಿಸೆಂಬರ್ 31 ದಾಟಿದರೆ ದಾಟಲಿ.

ಮುಂದಿನ ವರ್ಷದ ಪುಟಕ್ಕೆ ನಿನ್ನೆ ರಾತ್ರಿ ಗೆರೆ ಹಾಕಿದ್ದೇನೆ. 24ನೆಯ ಖಾನೆಯ ಹೆಸರು ‘ಬೇರೆಯವರು ಆರಿಸಿಕೊಟ್ಟದ್ದು’. ಬಾಗಿಲ ಹತ್ತಿರ ಒಂದು ರಟ್ಟಿನ ಡಬ್ಬ ಇದೆ, ಪಕ್ಕದಲ್ಲಿ ಚೀಟಿ ಮತ್ತು ಪೆನ್ನು. ಹೋಗುವಾಗ ಒಂದು ಪುಸ್ತಕದ ಹೆಸರು ಬರೆದು ಹಾಕಿ. ನನಗೆ ಇಷ್ಟವಾಗುತ್ತದೋ ಇಲ್ಲವೋ ಅಂತ ಯೋಚನೆ ಮಾಡಬೇಡಿ. ನಿಮಗೆ ಯಾವುದನ್ನು ಇನ್ನೊಬ್ಬರು ಓದಲೇಬೇಕು ಅನ್ನಿಸಿದೆಯೋ ಅದನ್ನು ಬರೆಯಿರಿ. ಜನವರಿ 1ಕ್ಕೆ ಒಂದು ಚೀಟಿ ಎತ್ತುತ್ತೇನೆ. ನಮಸ್ಕಾರ.

(ಬರೆದು ಮುಗಿಸುವಾಗ ಸೇರಿಸಿದ್ದು: ಡಬ್ಬದಲ್ಲಿ 31 ಚೀಟಿ ಇದ್ದವು. ಜನವರಿ 1ರ ಬೆಳಿಗ್ಗೆ ಅತ್ತೆಯ ಕೈಯಲ್ಲಿ ಎತ್ತಿಸಿದೆ. ಎತ್ತಿದ ಚೀಟಿಯಲ್ಲಿ ಯಾವ ಪುಸ್ತಕದ ಹೆಸರೂ ಇರಲಿಲ್ಲ. ನೀಲಿ ಶಾಯಿಯಲ್ಲಿ, ವಯಸ್ಸಾದವರ ನಡುಗುವ ಅಕ್ಷರದಲ್ಲಿ ಹೀಗಿತ್ತು: “ನಮ್ಮ ತಾಯಿ 1958ರಿಂದ ಹದಿನಾಲ್ಕು ವರ್ಷ ಬರೆದಿಟ್ಟ ಮನೆಖರ್ಚಿನ ಪುಸ್ತಕ. ಲೆಕ್ಕದ ಪಕ್ಕ ಸುಮಾರು ಬರೆದಿದ್ದಾರೆ. ನಾನು ಬಿಟ್ಟರೆ ಯಾರೂ ಓದಿಲ್ಲ. ಬೇಕಾದರೆ ಮನೆಗೆ ಬನ್ನಿ.” ಕೆಳಗೆ ವಿಳಾಸ ಇದೆ. ಎರಡು ಬೀದಿ ಆಚೆ. ಈ ಭಾನುವಾರ ಹೋಗುತ್ತಿದ್ದೇನೆ.)